ಹನ್ನೆರಡು ತಿಂಗಳ ಬಸುರಿ

ಹಂಗಳದ ಚಿಕ್ಕಬಸಮ್ಮನ ಮನೆಯಲ್ಲಿ ಪುಸ್ತಕ ಓದುವುದೆಂದರೆ ಹುಡುಗಾಟವಲ್ಲ. ಶ್ರಾವಣದಲ್ಲಿ ಗುಡಿಯೊಳಗೆ ಪುರಾಣ ಓದಿಸುತ್ತಾರಲ್ಲ, ಕಾದಂಬರಿಗೂ ಅದೇ ಕಾನೂನು. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುವಂತಿಲ್ಲ, ಒಂದಕ್ಕೆ ಮಂಗಳವಾಗದೆ ಇನ್ನೊಂದನ್ನು ತೆರೆಯುವಂತಿಲ್ಲ. ಹೋದ ತಿಂಗಳು, ಅತ್ತಿಗೆಯ ಒಡವೆ ಕದ್ದ ಮೈದುನನ ಕಾದಂಬರಿ ಮುಗಿದಾಗ ಮುದುಕಿ ಕಾಯಿ ಒಡೆದು, ಕರ್ಪೂರ ಹಚ್ಚಿ, ಬೀದಿಗೆಲ್ಲ ಪಾಯಸ ಹಂಚಿದ್ದಳು. ಕಳ್ಳ ಜೈಲಿಗೆ ಹೋದದ್ದಕ್ಕೆ ಪಾಯಸ! ನಗುವವರು ನಗಲಿ, ಲೋಟ ಮಾತ್ರ ತಿರುಗಿ ಕೊಡಲಿ ಎಂದಿದ್ದಳು.

ಓದುವವಳು ಸೊಸೆ ಶಶಿರೇಖಾ. ಗುಂಡ್ಲುಪೇಟೆಯ ಆಫೀಸೊಂದರಲ್ಲಿ ಕೆಲಸ. ಅಲ್ಲಿನ ಲೈಬ್ರರಿಯಿಂದ ಪುಸ್ತಕ ತರುವುದು, ಸಂಜೆ ಬಸ್ಸಿಳಿದು ಬಂದು, ಕಾಫಿ ಕುಡಿದು, ಅತ್ತೆಗೆ ಓದಿ ಹೇಳುವುದು. ಈಗ ಕೇಳುವವರು ಇಬ್ಬರು. ಸಂತೆಮರಹಳ್ಳಿಗೆ ಕೊಟ್ಟಿದ್ದ ನಾದಿನಿ ಭವ್ಯ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಎಂಟು ತುಂಬಿ ಒಂಬತ್ತರಲ್ಲಿದ್ದಳು. ಅವಳ ಆಸೆಯೆಲ್ಲ ಕಪಾಟಿನಲ್ಲಿ ಕಾದು ಕೂತಿದ್ದ ಪತ್ತೇದಾರಿ ಪುಸ್ತಕದ ಮೇಲೆ. ಆದರೆ ಕೈಯಲ್ಲಿರುವುದು ಮುಗಿಯಬೇಕಲ್ಲ!

ಕೈಯಲ್ಲಿದ್ದದ್ದು ಗೌರಿ ಎಂಬ ಹೆಣ್ಣಿನ ಕತೆ. ಅವಳೂ ತವರಿಗೆ ಬಂದ ಬಸುರಿ. ಮೊದಮೊದಲು ಮೂವರಿಗೂ ಖುಷಿಯೋ ಖುಷಿ. ಒಂದು ದಿನ ಬಸ್ಸಿನಲ್ಲಿ ಕೂತು ಕೊನೆಯ ಪುಟಗಳನ್ನು ತಿರುವಿದ ಶಶಿರೇಖಾ ಫಟ್ಟನೆ ಪುಸ್ತಕ ಮುಚ್ಚಿದಳು. ಗೌರಿ ಹೆರಿಗೆಯಲ್ಲಿ ಸಾಯುತ್ತಾಳೆ! ಅಯ್ಯೋ ಪುಣ್ಯಾತ್ಮ, ಬರೆಯಲು ನಿನಗೆ ಬೇರೇನೂ ಸಿಗಲಿಲ್ಲವೇ ಎಂದು ಬರೆದವನಿಗೆ ಅಲ್ಲೇ ಶಾಪ ಹಾಕಿದಳು.

ಬಸುರಿಯ ಮುಂದೆ ಇದನ್ನು ಓದುವುದಾದರೂ ಹೇಗೆ? ನಿಲ್ಲಿಸಿದರೆ ಅತ್ತೆ ಅಪಶಕುನ ಎಂದಾಳು, ಭವ್ಯ ಇನ್ನೂ ಹೆದರಿಯಾಳು. ಸುಖವಾಗಿ ಹೆತ್ತಳೆಂದು ಓದಿ ಮುಗಿಸೋಣವೆಂದರೆ, ಸುಳ್ಳಿಗೆ ಕಾಯಿ ಒಡೆಸಲು ಇವಳಿಗೇ ಧೈರ್ಯ ಬರಲಿಲ್ಲ. ಶಕುನಗಿಕುನ ನಂಬುವವಳಲ್ಲ, ನಿಜ. ಮನೆಯಲ್ಲಿ ತುಂಬು ಬಸುರಿ ಇರುವಾಗ ಯಾರು ನಂಬುವುದಿಲ್ಲ ಹೇಳಿ! ಉಳಿದದ್ದು ಒಂದೇ ದಾರಿ. ಭವ್ಯ ಹೆರುವವರೆಗೆ ಗೌರಿ ಹೆರಬಾರದು.

ಅಂದಿನಿಂದ ಪುಸ್ತಕವನ್ನು ದಿನವೂ ಬ್ಯಾಗಿಗೆ ಹಾಕಿಕೊಂಡು ಆಫೀಸಿಗೆ ಒಯ್ದಳು. ಸಂಜೆ ಅದನ್ನು ಮುಖದ ಮುಂದೆ ಹಿಡಿದು ಬಾಯಿಗೆ ಬಂದದ್ದನ್ನು ಓದಿದಳು. ಗೌರಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬಂದಳು. ಚೆಂಡುಹೂವು ಕೀಳುವವರಿಗೆ ಬುತ್ತಿ ಕೊಟ್ಟುಬಂದಳು. ದೂರದ ನೆಂಟರ ಮದುವೆಗೆ ಹೋಗಿ, ಸಾರು ಸಪ್ಪೆಯೆಂದು ಜಗಳವಾಡಿಬಂದಳು.

ಚಿಕ್ಕಬಸಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಅಲ್ಲ ಕಣವ್ವಾ, ಬೆಟ್ಟಕ್ ಹೋದಾಗ್ಲೇ ಒಂಬತ್ ತುಂಬಿತ್ತು. ಈಗ ಅನ್ನೆರ್ಡ್ ತಿಂಗ್ಳಾಯ್ತು. ಇದೇನ್ ಮನ್ಸರ ಬಸುರೋ, ಬಂಡೀಪುರದ ಆನೆ ಬಸುರೋ?"

ಭವ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇರ್ಲಿ ಬುಡವ್ವಾ, ಅವ್ಳಿಗೇನ್ ಅರ್ಜೆಂಟು?"

ನೋವು ಕಾಣಿಸಿಕೊಂಡದ್ದು ಒಂದು ಭಾನುವಾರ ಬೆಳಿಗ್ಗೆ. ಶಶಿರೇಖಾಳ ಗಂಡ ಮಹದೇವಸ್ವಾಮಿ ಓಡಿಹೋಗಿ ಕಾರು ತಂದ. ಗುಂಡ್ಲುಪೇಟೆಯ ದಾರಿಯುದ್ದಕ್ಕೂ ಭವ್ಯ ಅತ್ತಿಗೆಯ ಕೈಯನ್ನು ಮುರಿದೇಹೋಗುವಂತೆ ಹಿಡಿದಿದ್ದಳು. ಮುಂದಿನ ಸೀಟಿನಲ್ಲಿದ್ದ ಅವ್ವನಿಗೆ ಕೇಳಿಸದಂತೆ ಪಿಸುಗುಟ್ಟಿದಳು. "ಅತ್ಗೆ, ಗೌರಿ ಸಾಯ್ತಾಳೆ ಅಂತ ನಂಗೊತ್ತು. ನೀನು ಬಚ್ಚಿಡಕ್ ಮುಂಚೇನೆ ಕೊನೆ ಪುಟ ನೋಡ್ಬುಟ್ಟಿದ್ದೆ."

ಶಶಿರೇಖಾ ಅವಳ ಕಿವಿಯತ್ತ ಬಾಗಿದಳು. "ಮತ್ಯಾಕೆ ಹೇಳ್ನಿಲ್ಲ ಕೂಸೇ?"

"ಅವತ್ತು ನನ್ ಜೀವಾನೇ ಹೋದಂಗಾಗಿತ್ತು. ಮಾರ್ನೆ ದಿನ ಸಂಜೆ ನೋಡುದ್ರೆ ನೀನು ಅವ್ಳನ್ನ ಬೆಟ್ಟಕ್ ಕಳ್ಸುದ್ದೆ! ಇವತ್ತೆಂಗ್ ಬದುಕಿಸ್ತಾಳೋ ನೋಡನ ಅಂತ ದಿನಾ ಕಾಯ್ತಿದ್ದೆ. ಕೇಳ್ತಾ ಕೇಳ್ತಾ ನನ್ ಭಯಾನೇ ಹೋಯ್ತು." ಅಷ್ಟರಲ್ಲಿ ಮತ್ತೊಂದು ನೋವು ಬಂದು ಅವಳು ಚೀರಿದಳು.

ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಂದು ನರ್ಸಮ್ಮ ಬಂದು ಹೇಳಿದಾಗ ಶಶಿರೇಖಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಬ್ಬಾ! ಇಷ್ಟು ದಿನ ಹೊತ್ತಿದ್ದ ಭಾರ ಇಳಿಯಿತು. ಹೆತ್ತವಳು ಭವ್ಯ, ಸುಸ್ತಾದವಳು ಇವಳು. ಯಾರು ನೋಡಿದರೂ ಚಿಂತೆಯಿಲ್ಲವೆಂದು ಅಲ್ಲೇ ಅತ್ತಳು, ಅಲ್ಲೇ ನಕ್ಕಳು.

ಬಾಣಂತಿ ಮನೆಗೆ ಬಂದ ಮೇಲೆ ಒಂದು ಸಂಜೆ ಚಿಕ್ಕಬಸಮ್ಮ ಮಗಳ ಪಕ್ಕದಲ್ಲಿ ಕಾಲು ಚಾಚಿ ಕೂತಳು. "ಇನ್ನ ಓದವ್ವಾ. ಪುಸ್ತಕದಲ್ ಇರಾದ್ನೇ ಓದು. ನಂಗೆ ಓದ್ ಬರಲ್ಲ ನಿಜ, ಕಣ್ ಕಾಣಲ್ವಾ? ಇಷ್ಟ್ ದಿನ ಒಂದ್ ಹಾಳೆನೂ ಮಗುಚದಂಗೆ ಓದ್ದೋಳು ನೀನೊಬ್ಳೇ ಕಣವ್ವಾ."

ಶಶಿರೇಖಾ ನಾಚಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಓದಿದಳು. ಗೌರಿ ಸತ್ತಳು, ಪುಸ್ತಕವೂ ಮುಗಿಯಿತು. ಮೂವರೂ ಮನಸಾರೆ ಅತ್ತರು. ಕೂಸು ಪಕ್ಕದಲ್ಲಿ ಬೆಚ್ಚಗೆ ಮಲಗಿರುವಾಗ ಅಳುವುದಕ್ಕೇನು ಭಯ! ಬಾಣಂತಿ ಅಳಬಾರದೆಂದು ಗದರಬೇಕಾದ ಮುದುಕಿಯೇ ಎಲ್ಲರಿಗಿಂತ ಜೋರಾಗಿ ಅತ್ತು, ಸೆರಗಿನಲ್ಲಿ ಮೂಗೊರೆಸಿಕೊಂಡು, ಪುಸ್ತಕವನ್ನು ದುರುಗುಟ್ಟಿ ನೋಡಿದಳು.

"ಅಷ್ಟ್ ದಪ್ಪದ್ ಪುಸ್ತಕ ಬರ್ದವ್ನೆ. ಆ ಮಾರಾಯ ಗೌರಿಗೆ ಒಬ್ಳು ಅತ್ಗೆನ ಬರೀಬಾರ್ದಾಗಿತ್ತಾ?"