ಕನ್ನಡಕದಕ್ಕ ಪರೀಕ್ಷೆಗೆ ಕೂತದ್ದು

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಕನ್ನಡಕದಕ್ಕ ಅಂತಲೇ. ಅಣ್ಣನ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಸಾಣೆ ಚಕ್ರದ ಮುಂದೆ ಇಪ್ಪತ್ತೆರಡು ವರ್ಷ ಕೂತವಳು. ಗಾಜನ್ನು ಫ್ರೇಮಿನ ಅಳತೆಗೆ ಸವೆಸಿ ಕೂರಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಮುಂದೆ ಕೌಂಟರಿನಲ್ಲಿ ಅಣ್ಣ ಗಿರಾಕಿಗಳ ಜೊತೆ ಹರಟುತ್ತ ಚೀಟಿ ಬರೆದುಕೊಳ್ಳುತ್ತಿದ್ದ, ಹಿಂದೆ ತಂಗಿ ಕೆಲಸ ಮುಗಿಸಿಕೊಡುತ್ತಿದ್ದಳು. ಪ್ರಮಾಣಪತ್ರ ಮಾತ್ರ ಅಣ್ಣನ ಹೆಸರಿನಲ್ಲಿತ್ತು.

ಆ ವರ್ಷ ಅಣ್ಣನ ಕಣ್ಣೇ ಮಂಜಾಯಿತು. ಆಪರೇಷನ್ ಆದರೂ ಸೂಕ್ಷ್ಮ ಕೆಲಸ ಬೇಡವೆಂದರು ಡಾಕ್ಟರು. "ಊರಿಗೆಲ್ಲ ಕನ್ನಡಕ ಹಾಕಿದವನ ಗತಿ ನೋಡು!" ಎಂದು ತಾನೇ ನಕ್ಕು, ಅಂಗಡಿಯನ್ನು ತಂಗಿಯ ಕೈಗೊಪ್ಪಿಸಿ ಮಗಳ ಮನೆಗೆ ಹೊರಟ. ಅವನು ಹೋದ ವಾರವೇ ವೃತ್ತಿಶಾಲೆಯಿಂದ ಕಾಗದ ಬಂತು.

ಕಾಗದ ಗಿಣಿಯ ವಿಷಯದ್ದು. ಗಿಣಿ ಅಂದರೆ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹದಿನೇಳರ ಹುಡುಗಿ; ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತ ಓಡಾಡುತ್ತಾಳೆಂದು ಅಣ್ಣ ಇಟ್ಟ ಹೆಸರು. ಹತ್ತನೇ ತರಗತಿಯಾದ ಮೇಲೆ ಅವಳ ಗೆಳತಿಯರು ಸಾಮಾನ್ಯ ವಿಭಾಗ ಸೇರಿ ವಿಶ್ವವಿದ್ಯಾಲಯದ ದಾರಿ ಹಿಡಿದಿದ್ದರು. ಇವಳು ಬೇಕಂತಲೇ ವೃತ್ತಿ ವಿಭಾಗ ಆರಿಸಿಕೊಂಡಿದ್ದಳು. ವಾರಕ್ಕೆ ಎರಡು ದಿನ ಶಾಲೆ, ಮೂರು ದಿನ ಅಂಗಡಿ. ಮೂರು ವರ್ಷ ಹೀಗೆ ಕಲಿತು ಕೊನೆಯ ಪರೀಕ್ಷೆ ಪಾಸಾದರೆ ಪ್ರಮಾಣಪತ್ರ. ಅದರ ಮೇಲೆ ಇನ್ನೊಂದು ವರ್ಷ ಓದಿದರೆ ಅವಳಿಗೂ ವಿಶ್ವವಿದ್ಯಾಲಯದ ಬಾಗಿಲು ತೆರೆಯುತ್ತದೆ. ಕಣ್ಣು ಪರೀಕ್ಷಿಸುವ ವಿದ್ಯೆ ಓದಬೇಕೆಂದು ಅವಳ ಆಸೆ. ಈಗ ಎರಡನೇ ವರ್ಷ ನಡೆಯುತ್ತಿತ್ತು.

ಕಾಗದದಲ್ಲಿ ಇದ್ದದ್ದಿಷ್ಟು: ಪ್ರಮಾಣಪತ್ರ ಪಡೆದವರಿಲ್ಲದ ಅಂಗಡಿಯಲ್ಲಿ ಕಲಿತ ಗಂಟೆಗಳು ಲೆಕ್ಕಕ್ಕಿಲ್ಲ. ಈ ಶಾಲಾವರ್ಷ ಮುಗಿಯುವತನಕ ಮಾತ್ರ ವಿನಾಯಿತಿ.

ಕನ್ನಡಕದಕ್ಕ ಕಾಗದ ಹಿಡಿದು ನೆಟ್ಟಗೆ ಶಾಲೆಗೇ ಹೋದಳು. ತರಬೇತಿ ನೋಡಿಕೊಳ್ಳುವ ಮೇಡಂ ಕುರ್ಚಿ ತೋರಿಸಿದರು. ಇವಳು ಕೂರಲಿಲ್ಲ.

"ಮೇಡಂ, ಆ ಹುಡುಗಿಗೆ ಕಲಿಸ್ತಿರೋಳು ನಾನೇ. ನಮ್ಮಣ್ಣ ಕೌಂಟರ್ ಬಿಟ್ಟು ಎದ್ದವನಲ್ಲ."

"ಇರಬಹುದಮ್ಮ. ಆದ್ರೆ ನಿಮ್ಮ ಹೆಸರಲ್ಲಿ ಪತ್ರ ಇಲ್ವಲ್ಲ. ಹತ್ತು ವರ್ಷ ಕೆಲಸ ಮಾಡಿದವರು ಹೊರಗಿನ ಅಭ್ಯರ್ಥಿಯಾಗಿ ಕೊನೇ ಪರೀಕ್ಷೆಗೇ ಕೂರಬಹುದು. ವರ್ಷಕ್ಕೆರಡು ಸಲ ನಡೆಯುತ್ತೆ. ಒಂದು ಲಿಖಿತ, ಒಂದು ಪ್ರಾಯೋಗಿಕ."

ಲಿಖಿತ ಅಂದೊಡನೆ ಕನ್ನಡಕದಕ್ಕನಿಗೆ ಹಳೆಯ ಗಣಿತ ನೆನಪಾಯಿತು. ಶಾಲೆಯಲ್ಲಿ ಗಣಿತಕ್ಕೆ ಎರಡು ಸಲ ಡುಮ್ಕಿ ಹೊಡೆದವಳು ಅವಳು. ಆದರೂ ಕೈ ಚಾಚಿದಳು. "ಅರ್ಜಿ ಕೊಡಿ."

ಮರುದಿನದಿಂದ ಮಧ್ಯಾಹ್ನದ ಬಿಡುವಿನಲ್ಲಿ ಗಿಣಿ ಮೇಷ್ಟ್ರು, ಕನ್ನಡಕದಕ್ಕ ವಿದ್ಯಾರ್ಥಿನಿ.

"ಗಾಜಿನ ನಡುಬಿಂದು ಕಣ್ಣಿನ ನೇರದಿಂದ ಎಷ್ಟು ಸೆಂಟಿಮೀಟರ್ ಸರಿದಿದೆಯೋ, ಅದನ್ನ ಪವರ್ ಜೊತೆ ಗುಣಿಸ್ಬೇಕು. ಕಣ್ಣಿಗೆ ಅಷ್ಟು ಎಳೆತ ಬೀಳುತ್ತೆ."

"ಅಂದ್ರೆ ದಪ್ಪ ಗಾಜು ಕೂದಲೆಳೆಯಷ್ಟು ಸರಿದ್ರೂ ಗಿರಾಕಿಗೆ ತಲೆ ಸುತ್ತುತ್ತೆ, ತೆಳು ಗಾಜು ಸರಿದ್ರೆ ಗೊತ್ತೇ ಆಗಲ್ಲ. ಅದು ತಾನೇ?"

"ಅಷ್ಟೇ ಅಕ್ಕ!"

"ಅದನ್ನ ಹೇಳೋಕೆ ಒಂದು ಪುಟ ಬೇಕಾಯ್ತಾ ಇವರಿಗೆ?"

ಹಾಗಂತ ಪುಟ ಬಿಡಲಿಲ್ಲ. ಹಲ್ಲು ಕಚ್ಚಿ ಒಂದೊಂದು ಲೆಕ್ಕವನ್ನೂ ಹತ್ತು ಸಲ ಮಾಡಿದಳು.

ಪರೀಕ್ಷೆಯ ದಿನ ಮಕ್ಕಳ ವಯಸ್ಸಿನವರ ನಡುವೆ ಕೂತು ಲಿಖಿತ ಬರೆಯುವಾಗ ಬೆವರು ಸುರಿಯಿತು. ಪ್ರಾಯೋಗಿಕದಲ್ಲಿ ಮಾತ್ರ ಹುರುಪೇ ಹುರುಪು. ಪವರಿನ ಚೀಟಿ ನೋಡಿದಳು, ಗಾಜು ಸವೆಸಿದಳು, ಕೂರಿಸಿದಳು. ಉಳಿದವರು ಇನ್ನೂ ಗುರುತು ಹಾಕುತ್ತಿರುವಾಗಲೇ ಕನ್ನಡಕ ಮೇಜಿನ ಮೇಲಿಟ್ಟು ಎದ್ದುಬಂದಳು.

ಶಾಲೆಗೆ ಹೋಗಿ ಫಲಿತಾಂಶ ನೋಡಿದರೆ ಎಲ್ಲ ಉಲ್ಟಾ. ಲಿಖಿತ ಪಾಸು. ಪ್ರಾಯೋಗಿಕ ನಪಾಸು.

"ನನ್ನ ಕೈಕೆಲಸ ನಪಾಸಾ? ಯಾರ್ರೀ ಅದನ್ನ ನೋಡಿದ್ದು?" ಅವಳ ದನಿಗೆ ಪಕ್ಕದ ಕೋಣೆಯವರೂ ಇಣುಕಿದರು.

ಮೇಡಂ ಅವಳ ಪ್ರಾಯೋಗಿಕದ ಉತ್ತರಹಾಳೆ ಬಿಡಿಸಿಟ್ಟರು. ನಾಲ್ಕು ಪುಟವೂ ಖಾಲಿ. "ಕನ್ನಡಕದಲ್ಲಿ ಒಂದೂ ಕೊಂಕಿಲ್ಲಮ್ಮ. ಆದ್ರೆ ಯಾವ ಹಂತದಲ್ಲಿ ಏನು ಅಳೆದ್ರಿ, ಯಾಕೆ ಹಾಗೆ ಮಾಡಿದ್ರಿ ಅಂತ ಬರೀಬೇಕಿತ್ತು. ಅರ್ಧದಷ್ಟು ಅಂಕ ಅದಕ್ಕೇ. ಈ ಪತ್ರ ಇದ್ರೆ ನೀವು ಇನ್ನೊಬ್ಬರಿಗೆ ಕಲಿಸ್ತೀರಲ್ಲ, ಅದಕ್ಕೆ."

ಬುಸುಗುಡುತ್ತ ಅಂಗಡಿಗೆ ಬಂದವಳು ಗಿಣಿಯ ಮುಂದೆ ಎಲ್ಲವನ್ನೂ ಹೊರಹಾಕಿದಳು. "ಬರಿಯೋದಂತೆ! ಕಣ್ಣಿದ್ದವರು ನೋಡಿ ಕಲೀತಾರೆ."

ಗಿಣಿ ಗಾಜು ಒರೆಸುತ್ತ ನಿಂತಿದ್ದಳು. ತಲೆಯೆತ್ತದೆ ಅಂದಳು: "ಅಕ್ಕ, ಬೇಜಾರು ಮಾಡ್ಕೋಬೇಡಿ. ನಂಗೂ ನೀವು ಬರೀ 'ನೋಡ್ಕೋ' ಅಂತೀರಿ. ನಾನು ನೋಡ್ತೀನಿ. ಏನೂ ಕಾಣ್ಸಲ್ಲ."

ಕನ್ನಡಕದಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಬಾಗಿಲು ಹಾಕುವ ಹೊತ್ತಿಗೆ, "ನಾಳೆ ಬರ್ತಾ ಒಂದು ದಪ್ಪ ನೋಟ್‌ಬುಕ್ ತಗೊಂಡು ಬಾ" ಅಂದಳು.

ಮರುದಿನ ಅವಳು ಚಕ್ರದ ಮುಂದೆ ಕೂತಳು, ಗಿಣಿ ಪಕ್ಕದಲ್ಲಿ. ಒಂದೇ ಕರಾರು: ಕೈ ಆಡಿದಾಗಲೆಲ್ಲ ಗಿಣಿ "ಯಾಕೆ?" ಅನ್ನಬೇಕು.

"ಈಗ್ಯಾಕೆ ನಿಲ್ಸಿದ್ರಿ?"

ಯಾಕೆಂದು ಕನ್ನಡಕದಕ್ಕನಿಗೇ ತಿಳಿಯದು. ಮತ್ತೆ ಗಾಜು ಒತ್ತಿದಳು, ಮತ್ತೆ ಕೈ ತಾನಾಗಿ ನಿಂತಿತು. ಮೂರನೆಯ ಸಲಕ್ಕೆ ಹೊಳೆಯಿತು. "ಸದ್ದು! ಅಂಚು ಸಮವಾದ ಕೂಡ್ಲೇ ಚಕ್ರದ ಸದ್ದು ತೆಳ್ಳಗಾಗುತ್ತೆ. ಕೇಳಿಸ್ತಾ?"

"ಇನ್ನೊಂದ್ಸಲ ಮಾಡಿ... ಹ್ಞೂಂ, ಕೇಳಿಸ್ತು!"

"ಬರ್ಕೋ. ತಡಿ, ನಾನೇ ಬರೀತೀನಿ."

ಐದು ತಿಂಗಳಲ್ಲಿ ನೋಟ್‌ಬುಕ್ ತುಂಬಿತು. ಕೆಲವು ದಿನ ಬೇಸರ ಹತ್ತಿ ಅದನ್ನು ಮೂಲೆಗೆಸೆದದ್ದೂ ಉಂಟು. ಮತ್ತೆ ತಾನೇ ಎತ್ತಿಕೊಂಡು ಬಂದಳು. ಎರಡನೆಯ ಸಲದ ಪ್ರಾಯೋಗಿಕದಲ್ಲಿ ಗಂಟೆ ಹೊಡೆಯುವವರೆಗೂ ಬರೆದಳು. ಪುಟ ಸಾಲದೆ ಇನ್ನೊಂದು ಹಾಳೆ ಕೇಳಿದಾಗ ಪರೀಕ್ಷಕರು, "ಏನಮ್ಮ, ಪುರಾಣ ಬರೀತಿದ್ದೀರಾ?" ಎಂದರು. "ಕಲಿಸೋಕೆ ಬೇಕಂತಲ್ಲ ಸ್ವಾಮಿ, ಕೊಡಿ" ಎಂದು ಕೈ ನೀಡಿದಳು.

ಶಾಲಾವರ್ಷ ಮುಗಿಯಲು ಹನ್ನೊಂದು ದಿನ ಇರುವಾಗ ಪಾಸಾದ ಸುದ್ದಿ ಬಂತು. ಮೇಡಂ ಮುಂದೆ ಗಿಣಿಯ ಮೂರನೇ ವರ್ಷದ ಒಪ್ಪಂದಕ್ಕೆ ಕನ್ನಡಕದಕ್ಕ ಸಹಿ ಹಾಕಿದಳು. ಗಿಣಿಗೆ ಕಣ್ಣು ತುಂಬಿ ಬಂದಿತ್ತು. "ಅಳೋದು ಆಮೇಲೆ, ಕೆಲಸ ಬಿದ್ದಿದೆ" ಎಂದು ಅವಳನ್ನು ಎಬ್ಬಿಸಿಕೊಂಡು ಹೊರಟಳು.

ಅಂದೇ ಮಧ್ಯಾಹ್ನ ಗಿಣಿ ಮೊದಲ ಸಲ ಯಾರ ನೆರವೂ ಇಲ್ಲದೆ ಒಂದು ಕನ್ನಡಕ ಮುಗಿಸಿ ತಂದಿಟ್ಟಳು. ಕನ್ನಡಕದಕ್ಕ ಅದನ್ನು ಅಳೆಯುವ ಯಂತ್ರದಲ್ಲಿಟ್ಟು ಬಗ್ಗಿ ನೋಡಿದಳು.

"ಬಲಗಣ್ಣಿನ ಗಾಜು ಮೂರು ಡಿಗ್ರಿ ವಾಲಿದೆ. ಯಾವ ಹಂತದಲ್ಲಿ ವಾಲ್ತು ಅಂತ ಮೊದಲು ಬರಿ. ಆಮೇಲೆ ಇನ್ನೊಂದು ಗಾಜು ತಗೋ."