ಮಲಾಜಿನ ಕೌಂಟೆಸ್

ರಿಯಾದಿನ ಮಲಾಜ್ ಬಡಾವಣೆಯಲ್ಲಿ ಯಾರ ಪಾಸ್‌ಪೋರ್ಟಿಗೆ ದೇಶ ಬಿಡುವ ಎಕ್ಸಿಟ್ ಮುದ್ರೆ ಬಿದ್ದರೂ ಅವರ ಮನೆಗೆ ಮೊದಲು ಸಮಾಧಾನ ಹೇಳಲು ಬರುವವರು ಬ್ಲಾಂಚ್ ಬಾಯಿ. ನಾಲಿಗೆಯ ಮೇಲೆ ಸಮಾಧಾನ, ಕಣ್ಣು ಮಾತ್ರ ಅಡುಗೆಮನೆಯ ಚಹಾ ಕಪ್ಪುಗಳ ಮೇಲೆ. ಊರಿಗೆ ಮರಳುವವರು ಒಂದು ಕಪ್ಪನ್ನು ತಮಗೆ ಒಪ್ಪಿಸಿ ಹೋಗಬೇಕೆಂಬುದು ಅವರೇ ಹೊರಡಿಸಿದ ರಾಜಾಜ್ಞೆ. ಬೆನ್ನು ನೆಟ್ಟಗೆ, ಎಡಗೈಯಲ್ಲಿ ಅಬಾಯ ನಿಲುವಂಗಿಯ ಅಂಚು ಹಿಡಿದು, ದಿಗ್ವಿಜಯ ಮುಗಿಸಿ ಬಂದವರ ಗತ್ತಿನಲ್ಲಿ ಅವರು ಮೆಟ್ಟಿಲೇರುವಾಗ, ಹಿಂದೆ ಪತಿ ಸಲ್ವಾದೋರ್ ಆ ಕಾಣಿಕೆಯನ್ನು ಹೊತ್ತು ಏದುಸಿರು ಬಿಡುತ್ತಿದ್ದರು.

ಈ ಸಾಮ್ರಾಜ್ಯದ ಪಟ್ಟದ ಕಪ್ಪು ಹಳೆ ಸಾಮಾನಿನ ಸಂತೆಯಿಂದ ಬಂದದ್ದು. ನೀಲಿ ಪಿಂಗಾಣಿ, ಚಿನ್ನದ ಅಂಚು. ಜಾರ್ ಕಾಲದ ರಷ್ಯಾದ ಕೌಂಟೆಸ್ ವರ್ವಾರಾಳದು ಎಂದು ಮಾರಿದ ಮುದುಕ ಆಣೆ ಇಟ್ಟಿದ್ದ. ಆಕೆಯ ಚರಿತ್ರೆಯನ್ನು ಬ್ಲಾಂಚ್ ಬಾಯಿ ಪ್ರತಿ ಚಹಾದ ಜೊತೆಗೂ ಬಡಿಸುತ್ತಿದ್ದರು: ಗಂಡ ಕುದುರೆ ಕೂಡಿಹಾಕಿದರೆ ಈಕೆ ಕಪ್ಪು ಕೂಡಿಹಾಕಿದಳು, ಕ್ರಾಂತಿ ಬಂದಾಗ ಒಡವೆ ಬಿಟ್ಟು ಈ ಒಂದನ್ನೇ ಶಾಲಿನಲ್ಲಿ ಸುತ್ತಿಕೊಂಡು ಹಡಗು ಹತ್ತಿದಳು, ಇಸ್ತಾಂಬುಲಿನ ಬಾಡಿಗೆ ಕೋಣೆಯಲ್ಲಿ ತೀರಿಕೊಳ್ಳುವ ತನಕ ಅದನ್ನು ಯಾರ ತುಟಿಗೂ ಸೋಕಿಸಲಿಲ್ಲ.

“ಚಾ ಕುಡಿಯದ ಕಪ್ಪು ಎಂತಕ್ಕೆ ಬಾಯಿ, ಉಪ್ಪಿನಕಾಯಿ ಹಾಕಲಿಕ್ಕಾ?” ಎನ್ನುತ್ತಿದ್ದರು ಎದುರುಮನೆಯ ಮೈಮೂನಮ್ಮ.

ತೊಂಬತ್ತೇಳನೇ ಇಸವಿಯಲ್ಲಿ, ಕೆಲಸ ಕೊಟ್ಟಿದ್ದ ಕಫೀಲ್ ಸಲ್ವಾದೋರರ ಇಕಾಮಾ, ಎಂದರೆ ವಾಸದ ಪರವಾನಗಿ, ನವೀಕರಿಸಲಿಲ್ಲ. ಬ್ಲಾಂಚ್ ಬಾಯಿ ಉಳಿದ ಕಪ್ಪುಗಳನ್ನು ಮನೆಮನೆಗೆ ಹಂಚಿದರು. ಕೌಂಟೆಸಳನ್ನು ಬಿಟ್ಟು ಮಾತ್ರ ವಿಮಾನ ಹತ್ತುವವರಲ್ಲ. ದಾರಿಯಲ್ಲಿ ಒಡೆಯದಿರಲೆಂದು ಸಲ್ವಾದೋರ್ ಅದನ್ನು ಹಾಲುಪುಡಿಯ ಡಬ್ಬದೊಳಗೆ ಹೂತರು. ಹೆಂಡತಿಗೆ ಹೇಳಲು ಮರೆತರು. ಪೆಟ್ಟಿಗೆಯ ತೂಕ ಮೀರಿತು. ಹೊರಡುವವರು ಹೆಚ್ಚಾದದ್ದನ್ನು ನೆರೆಮನೆಗೆ ಕೊಡುವುದು ಗಲ್ಫಿನ ಧರ್ಮ. ಬ್ಲಾಂಚ್ ಬಾಯಿ ಡಬ್ಬವನ್ನು ಮೈಮೂನಮ್ಮನಿಗೆ ದಾನ ಮಾಡಿದರು.

ಹೊರಡುವ ಬೆಳಿಗ್ಗೆ ಗಂಡನ ಬಾಯಿಂದ ಸಂಗತಿ ತಿಳಿದು ಬ್ಲಾಂಚ್ ಬಾಯಿ ಎದುರುಮನೆಗೆ ಓಡಿದರೆ, ಮೈಮೂನಮ್ಮ ಅದೇ ಕಪ್ಪನ್ನು ತೊಳೆದು ಚಹಾ ಸುರಿಯುತ್ತಿದ್ದರು.

“ನಿಮ್ಮ ರಾಣಿಯನ್ನೇ ಕೊಟ್ಟುಬಿಟ್ಟಿರಲ್ಲ ಬಾಯಿ! ಹೋಗುವವರು ಒಂದು ಕಪ್ಪು ಕೊಡಬೇಕು, ನಿಮ್ಮದೇ ಕಾನೂನು. ಆದರೆ ಇದನ್ನು ಕೊಡ್ತೀರಿ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ.” ಮೈಮೂನಮ್ಮನ ಕಣ್ಣು ತುಂಬಿತ್ತು.

ನೆಟ್ಟಗಿದ್ದ ಬೆನ್ನು ಕ್ಷಣಕಾಲ ಬಾಗಿತು. ಆಮೇಲೆ ಸಾಮ್ರಾಜ್ಞಿ ಸುಧಾರಿಸಿಕೊಂಡರು.

“ಮತ್ತೆಂತ? ನಿಮಗಲ್ಲದೆ ಬೇರೆ ಯಾರಿಗೆ ಕೊಡುವುದು? ಅದರಲ್ಲೇ ನನಗೂ ಒಂದು ಗುಟುಕು ಹಾಕಿ.”

ಕುಡಿದು ಮುಗಿಸಿ, ಮೈಮೂನಮ್ಮನ ಹಿಡಿ ಮುರಿದ ಕಪ್ಪೊಂದನ್ನು ಕೇಳಿ ಪಡೆದು, ಕೆಳಗೆ “ಯಲ್ಲಾ, ಯಲ್ಲಾ” ಎಂದು ಅವಸರಪಡಿಸುತ್ತಿದ್ದ ಗಂಡನ ಕೈಗಿತ್ತರು. “ಜಾಗ್ರತೆ ಮಾರಾಯ್ರೇ, ಇದು ಕೌಂಟೆಸ್ ಮೈಮೂನಮ್ಮನದು.”

ಸಂಗ್ರಾಹಕರದು ವಿಚಿತ್ರ ವಂಶ. ರಾಜ್ಯ ಹೋದರೂ ಅವರು ಬರಿಗೈಯಲ್ಲಿ ಹೊರಡುವುದಿಲ್ಲ. ಕೈಯಲ್ಲಿ ಒಂದು ಕಪ್ಪು ಇದ್ದೇ ಇರುತ್ತದೆ. ಅದಕ್ಕೆ ಚಿನ್ನದ ಅಂಚು ಕಟ್ಟುವ ಕೆಲಸವನ್ನು ಆಮೇಲಿನ ಕತೆ ನೋಡಿಕೊಳ್ಳುತ್ತದೆ.