ಬಿಳಿ ಉಣ್ಣೆಯ ಪ್ಯಾಂಟು

ಪ್ರಾಂತ್ಯಗಳ ತಂಡಗಳ ನಡುವಿನ ಆ ಕ್ರಿಕೆಟ್ ಟೂರ್ನಿ ಶುರುವಾಗಿ ಅದು ಎರಡನೇ ವರ್ಷ. ಒಮ್ಮೆ ಸೋತ ತಂಡ ನೇರ ಮನೆಗೆ. ಆಟಗಾರರು ಬಟ್ಟೆಬರೆಯನ್ನೂ ತಾವೇ ಹೊಂದಿಸಿಕೊಳ್ಳಬೇಕಿತ್ತು. ಅಂಚೆ ಕಚೇರಿಯ ಗುಮಾಸ್ತನಾಗಿದ್ದ ಅವಳ ಗಂಡನಿಗೆ ಕರೆ ಬಂದದ್ದು ಆರಂಭಿಕ ಆಟಗಾರ ಜ್ವರ ಬಂದು ಮಲಗಿದ್ದರಿಂದ. ಈ ಪಂದ್ಯದಲ್ಲಿ ಅದೃಷ್ಟ ಕೈ ಹಿಡಿದರೆ ತಂಡದಲ್ಲಿ ಉಳಿಯುತ್ತಾನೆ, ಇಲ್ಲದಿದ್ದರೆ ಕಾಗದಗಳಿಗೆ ಮುದ್ರೆ ಒತ್ತುವುದೇ ಗತಿ.

ಮದುವೆಯಾಗಿ ವರ್ಷ ತುಂಬಿರದ ಅವಳಿಗೆ, ಗಂಡ ಮೈದಾನದಲ್ಲಿ ಹೊಳೆಯಬೇಕೆಂಬ ಆಸೆ. ಅವನ ಒಂದೇ ಒಂದು ಉಣ್ಣೆ ಪ್ಯಾಂಟಿನ ಮಂಡಿಯಲ್ಲಿ ಹುಲ್ಲಿನ ಕಲೆ ಕೂತಿತ್ತು. ನೀರು ಕುದಿಸಿ, ಸೋಪು ಕದಡಿ, ಪ್ಯಾಂಟು ಮುಳುಗಿಸಿ ಕೋಲಿನಿಂದ ತಿರುವಿದಳು. ತವರಿನಲ್ಲಿ ಹತ್ತಿ ಬಟ್ಟೆ ಬಿಟ್ಟು ಬೇರೇನೂ ಒಗೆದವಳಲ್ಲ. ಕಲೆ ಹೋಯಿತು, ಜೊತೆಗೆ ಪ್ಯಾಂಟೂ ಹೋಯಿತು. ಒಣಗಿದ ಮೇಲೆ ನೋಡಿದರೆ, ಬಿಸಿನೀರಿಗೆ ಉಣ್ಣೆ ಕುಗ್ಗಿ ಶಾಲೆಯ ಹುಡುಗನಿಗೆ ಹೊಲಿಸಿದಂತಿತ್ತು.

ಗಂಡ ಅದನ್ನು ಸೊಂಟಕ್ಕೆ ಹಿಡಿದು ನೋಡಿಕೊಂಡ. "ಮಗ ಹುಟ್ಟಿದ್ರೆ ಆಗುತ್ತೆ, ಎತ್ತಿಡು."

ಬೈದಿದ್ದರೆ ವಾಸಿಯಿತ್ತು.

ಎಲ್ಲರೂ ಪೀಪಾಯಿ ಎಂದು ಕರೆಯುತ್ತಿದ್ದ ವಿಕೆಟ್ ಕೀಪರ್ ತನ್ನದೊಂದು ಪ್ಯಾಂಟು ಕೊಟ್ಟ. "ಬೆಲ್ಟು ಬಿಗಿಯಾಗಿ ಹಾಕ್ಕೋ ಕಣೋ. ಅದರೊಳಗೆ ನಿನ್ನಂಥೋರು ಇಬ್ಬರು ಸಂಸಾರ ಮಾಡ್ಬಹುದು."

ಅವಳು ನಾದಿನಿಯ ಜೊತೆ ಹೆಂಗಸರ ಶಾಮಿಯಾನದಲ್ಲಿ ಕೂತಿದ್ದಳು. ಅವನು ಚೆನ್ನಾಗಿಯೇ ಆಡಿದ. ಊಟದ ಹೊತ್ತು ಕಳೆದರೂ ಅಲುಗಲಿಲ್ಲ. ಸುತ್ತಲಿದ್ದವರು ಯಾರಪ್ಪಾ ಈ ಹೊಸಬ ಎಂದು ಕೇಳತೊಡಗಿದ್ದರು. ಆಮೇಲೆ ಎರಡನೇ ರನ್ನಿಗೆ ಓಡುವಾಗ ಬೆಲ್ಟು ಬಿಟ್ಟುಕೊಂಡಿತು. ಒಂದು ಕೈಯಲ್ಲಿ ಬ್ಯಾಟು, ಇನ್ನೊಂದರಲ್ಲಿ ಜಾರುವ ಪ್ಯಾಂಟು, ಬಾತುಕೋಳಿಯ ಓಟ. ಮೈದಾನವಿಡೀ ನಕ್ಕಿತು. ಅವನು ಗೆರೆ ಮುಟ್ಟುವ ಮುಂಚೆಯೇ ವಿಕೆಟ್ ಉರುಳಿತ್ತು.

"ಅಯ್ಯೋ, ನೋಡಿ ಅತ್ತಿಗೆ ನಮ್ಮಣ್ಣನ್ನ" ಎಂದು ನಾದಿನಿ ಹೊಟ್ಟೆ ಹಿಡಿದುಕೊಂಡಳು.

ಅವಳಿಗೂ ನಗು ಬಂತು. ತಡೆದಷ್ಟೂ ಉಕ್ಕಿತು. ಕರ್ಚೀಫನ್ನು ಬಾಯಿಗೆ ತುರುಕಿಕೊಂಡಳು, ಭುಜ ಕುಲುಕಿತು, ಕಣ್ಣಲ್ಲಿ ನೀರು ಸುರಿಯಿತು. ತಲೆ ತಗ್ಗಿಸಿ ಬರುತ್ತಿದ್ದ ಅವನು ಶಾಮಿಯಾನದ ಕಡೆ ನೋಡಿದ್ದು ಆಗಲೇ.

ಅಂದು ಸಂಜೆ ಮನೆಗೆ ಬಂದವನೇ ಅವಳ ತಲೆ ನೇವರಿಸಿದ. "ಅಷ್ಟೊಂದು ಅಳೋದಾ? ಆಟ ಕಣೇ, ಹೋಗಲಿ ಬಿಡು."

ಆಗಲೇ ಹೇಳಿಬಿಡಬಹುದಿತ್ತು. ಅವಳು ಅವನ ಎದೆಗೆ ಮುಖ ಒತ್ತಿಕೊಂಡು ನಿಜವಾಗಿಯೂ ಅತ್ತಳು.

ತಂಡ ಸೋತಿತು. ಮರುವರ್ಷ ಜ್ವರದವನು ತನ್ನ ಜಾಗಕ್ಕೆ ಮರಳಿದ. ಗಂಡನಿಗೆ ಮತ್ತೆ ಕರೆ ಬರಲೇ ಇಲ್ಲ. ನಿವೃತ್ತಿಯವರೆಗೂ ಮುದ್ರೆ ಒತ್ತಿದ.

ಮೊನ್ನೆ ಹೊಸ ಅಳಿಯನ ಮುಂದೆಯೂ ಆ ಕಥೆ ಬಂತು. ಬಾತುಕೋಳಿಯ ಓಟವನ್ನು ಕೂತಲ್ಲೇ ಓಡಿ ತೋರಿಸಿದ ಮೇಲೆ ಗಂಡನ ದನಿ ಮೆತ್ತಗಾಯಿತು. "ಪೀಪಾಯಿ ನೆಲದ ಮೇಲೆ ಹೊರಳಾಡಿ ನಕ್ಕ. ನನ್ನ ಒಡಹುಟ್ಟಿದವಳೂ ನಕ್ಕಳು. ಅಷ್ಟು ಜನದಲ್ಲಿ ಅತ್ತಿದ್ದು ಇವಳೊಬ್ಬಳೇ. ಅದನ್ನ ನೋಡಿದ್ಮೇಲೆ ಔಟಾಗಿದ್ದೂ ಮರೆತುಹೋಯ್ತು ನೋಡಿ."

ನಿಜ ಹೇಳಲು ಅವಳು ಬಾಯಿ ತೆರೆದಳು. ಆ ಪಂದ್ಯದಿಂದ ಅವನ ಪಾಲಿಗೆ ಉಳಿದಿದ್ದು ಇದೊಂದೇ. ಅದನ್ನೂ ಕಸಿದುಕೊಳ್ಳಲು ಕೈ ಬರಲಿಲ್ಲ.

"ಹೌದಾ ಅತ್ತೆ?" ಅಳಿಯ ಕೇಳಿದ.

"ಲೋಟ ಕೊಡಿ, ಟೀ ಆರಿಹೋಗಿದೆ" ಎಂದು ಅವಳು ಎದ್ದಳು.